ಅರ್ಧ ಮಾತಿನ ಕಾಯಿ

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸುಳ್ಳಾಗಿದ್ದರೆ ನಮ್ಮ ಅಟ್ಟದ ಮೇಲಿರುವ ಕೊಬ್ಬರಿಯೆಲ್ಲ ಕೌಟು ಹಿಡಿಯಲಿ. ಇದಕ್ಕಿಂತ ದೊಡ್ಡ ಆಣೆ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ.

"ನಿಮ್ಮನೇಲಿ ಅಟ್ಟಾನೇ ಇಲ್ವಲ್ಲಣ್ಣ?" ಅಂದ ಲಕ್ಕಯ್ಯ.

ಹುಳಿಯಾರು ಬಸ್‌ಸ್ಟ್ಯಾಂಡಿನ ಟೀ ಅಂಗಡಿ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದವನು ತಲೆ ಎತ್ತದೆಯೇ ಹೇಳಿದ್ದು. ತನ್ನ ಟ್ರ್ಯಾಕ್ಟರ್ ವಿಡಿಯೋಗೆ ಲೈಕ್ ಎಷ್ಟು ಬಂತು ಅಂತ ಬೆಳಗ್ಗೆಯಿಂದ ಫೋನು ಉಜ್ಜುತ್ತಿದ್ದ. ಮುದ್ದೆ ಆರುತ್ತಿದೆ ಬಾ ಅಂತ ಹೆಂಡತಿ ನಿಂಗಮ್ಮ ಎರಡು ಸಲ ಫೋನ್ ಮಾಡಿದ್ದಳು. ಎರಡು ಸಲವೂ ಕಟ್ ಮಾಡಿದ್ದ.

"ಸುಮ್ನೆ ಕೇಳ್ಲಾ," ಅಂದೆ.

ಕೆಂಕೆರೆಯ ಮರುಳಪ್ಪನವರ ಮಗಳು ದಾನೇಶ್ವರಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. ಒಳಗಿನ ನೀರು ಇಂಗಿ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳುತ್ತಿದ್ದಳು. ಒಡೆದು ನೋಡಿದರೆ ಹೇಳಿದ್ದೇ ನಿಜ!

ಆ ವಿಡಿಯೋಗಳಿಗೆ ಇಪ್ಪತ್ತಾರು ಲಕ್ಷ ಫಾಲೋವರ್ಸ್. ಅಷ್ಟು ಜನ ನಮ್ಮ ತಾಲ್ಲೂಕಿನಲ್ಲಿಲ್ಲ. ಕುರಿ, ಕೋಳಿ ಸೇರಿಸಿದರೂ ಇಲ್ಲ. ನಾನೇ ಎಣಿಸಿದ್ದೇನೆ.

ಅವತ್ತು ಅವಳು ಮನೆಯ ಅಟ್ಟದಿಂದಲೇ ಲೈವ್ ಬಂದಿದ್ದಳು. ಸುಲಿದಿಟ್ಟ ರಾಶಿಯಿಂದ ಒಂದು ಕಾಯಿ ಎತ್ತಿ, ಅಲ್ಲಾಡಿಸಿ, ನಕ್ಕು, "ಕೊಬ್ಬರಿ!" ಅಂದು ಮಚ್ಚು ಎತ್ತಿದಳು.

"ರೀ! ಒಡೀಬೇಡಿ ಕಣ್ರೀ... ನೀರೈತೆ!"

ಏಣಿಯ ಮೇಲೆ ಒಬ್ಬ ನಿಂತಿದ್ದ. ಹೆಗಲ ಮೇಲೆ ಟವೆಲ್. ಕಾಯಿ ಸುಲಿಯಲು ಆವತ್ತು ಬೆಳಗ್ಗೆ ತಾನೇ ಮಾಯಸಂದ್ರದಿಂದ ಬಂದಿದ್ದ ಭುವನ್.

'ಯಾರಿವನು? ನನ್ನ ಲೈವ್‌ನಲ್ಲಿ ನನಗೇ ಹೇಳ್ತಾನಾ!' ದಾನೇಶ್ವರಿಗೆ ಮೈ ಉರಿಯಿತು. ಮಚ್ಚು ಬೀಸಿದಳು.

ಚಳ್!

ತಿಂಗಳುಗಟ್ಟಲೆ ಒಳಗೇ ಕೊಳೆತಿದ್ದ ನೀರು ಅವಳ ಮುಖಕ್ಕೆ, ಹೊಸ ರವಿಕೆಗೆ, ಫೋನಿಗೆ ಎರಚಿತು. ಆ ವಾಸನೆಗೆ ಫೋನೇ ಪ್ರಾಣ ಬಿಟ್ಟಿತು. ಇಲ್ಲಿ ಹುಳಿಯಾರಿನಲ್ಲಿ ಲೈವ್ ನೋಡುತ್ತಿದ್ದ ಈ ಟೀ ಅಂಗಡಿಯ ತಿಪ್ಪಯ್ಯನೂ ಮೂಗು ಮುಚ್ಚಿಕೊಂಡನಂತೆ. ಬೇಕಿದ್ದರೆ ಕೇಳಿ, ಇನ್ನೂ ಬದುಕಿದ್ದಾನೆ.

ದಾನೇಶ್ವರಿ ಬೆಚ್ಚಿ ನಿಂತಳು. ಆ ಕಾಯಿ ತಪ್ಪುವಂತೆಯೇ ಇರಲಿಲ್ಲ! ಯಾಕೆಂದರೆ... ಗುಟ್ಟು ಹೇಳಿಬಿಡುತ್ತೇನೆ. ಕಣ್ಣಿಗೆ ಕಟ್ಟುತ್ತಿದ್ದ ಬಟ್ಟೆ ಸೊಳ್ಳೆಪರದೆಯಷ್ಟು ತೆಳು. ಸದ್ದು ಕೇಳಿ ಆರಿಸುತ್ತಿದ್ದವರು ಅವಳಪ್ಪ. ಹಸಿ ಇರುವ ಕಾಯಿಗೆ ಬಳಪದಲ್ಲಿ ಗೆರೆ ಎಳೆದಿಡುತ್ತಿದ್ದರು.

ಮುಖ ತೊಳೆದು ಬಂದವಳೇ ಭುವನ್ ಮುಂದೆ ನಿಂತಳು.

"ಬಳಪದ ಗೆರೆ ಅಳಿಸಿದ್ದು ಯಾರ್ರೀ?"

"ನಾನೇ ಕಣ್ರೀ. ಯಾವ್ದೋ ಮಗು ಗೀಚೈತೆ ಅಂತ ಟವೆಲ್‌ನಾಗೆ ಒರೆಸಿಬುಟ್ಟೆ."

'ಇವನಿಗೆ ಗೊತ್ತಾಗಿಹೋಯ್ತು! ಊರಿಗೆಲ್ಲ ಸಾರುತ್ತಾನೆ!'

ಭುವನ್ ಅವಳನ್ನೇ ನೋಡಿದ. ಮೆಲ್ಲಗೆ ಅರ್ಥವಾಯಿತು. ನಗಲಿಲ್ಲ. ಟವೆಲ್ ಕೊಡವಿ, "ಕಲೀತೀರಾ?" ಅಂದ, ಅಷ್ಟೇ.

ಕಲಿತಳು. ದಿನಾ ಮಧ್ಯಾಹ್ನ ಅಟ್ಟದಲ್ಲಿ ಒಂದು ಗಂಟೆ, ಫೋನಿಲ್ಲದೆ.

"ಹೊಸ ಕಾಯಿ ಲೊಳಲೊಳ ಅಂತದೆ. ಆಮೇಲೆ ತಿಂಗಳಾನುಗಟ್ಲೆ ಏನೂ ಹೇಳಲ್ಲ. ಆವಾಗ್ಲೇ ಎಲ್ರೂ ಅವಸರ ಬೀಳೋದು. ನೀರು ಪೂರ್ತಿ ಇಂಗಿ, ಒಳಗಿಂದು ಚಿಪ್ಪು ಬುಟ್ಟಾಗ... ಗಡಗಡ ಅಂತದೆ ನೋಡಿ. ಅದು ಸದ್ದು!"

"ನಂಗೆ ಎಲ್ಲಾ ಒಂದೇ ಥರ ಕೇಳ್ಸುತ್ತೆ."

"ನಿಮ್ಮ ಕಿವೀಲಿ ಜನ ಜಾಸ್ತಿ ಅವ್ರೆ ಕಣ್ರೀ. ಇಪ್ಪತ್ತಾರು ಲಕ್ಷ!"

ಅವಳು ನಕ್ಕಳು. ಕ್ಯಾಮೆರಾ ಇಲ್ಲದಾಗಲೂ ತಾನು ನಗಬಲ್ಲೆ ಅಂತ ತಿಳಿದು ಅವಳಿಗೇ ಆಶ್ಚರ್ಯವಾಯಿತು. ಅವನು ಕಾಯಿ ನೋಡುವಾಗ ಅವಳು ಅವನನ್ನು ನೋಡುವಳು. ಅವಳು ಕಾಯಿ ನೋಡುವಾಗ ಅವನು ಅವಳನ್ನು. ಕಾಯಿಗಳ ಕಡೆ ಸರಿಯಾಗಿ ಗಮನ ಕೊಟ್ಟವರು ಯಾರೂ ಇಲ್ಲ.

ಅಷ್ಟರಲ್ಲಿ ಬೆಂಗಳೂರಿನ ಟೀವಿಯವರು ಕಾರು ಕಳಿಸಿದರು. ವರ್ಷವಿಡೀ ಕಾರ್ಯಕ್ರಮ, ಜಾಹೀರಾತು, ಫ್ಲ್ಯಾಟು. ಕಾಯಿ ಮಾತ್ರ ಅಪ್ಪನ ಅಟ್ಟದಿಂದಲೇ, ಗೆರೆ ಎಳೆದು.

ಅವಳು ಹೊರಡುವಾಗ ಭುವನ್ ಓಡಿ ಬಂದ. ಕೈಯಲ್ಲಿ ಇನ್ನೂ ಸುಲಿಯದ, ಮಟ್ಟೆ ಸಮೇತ ಒಂದು ಕಾಯಿ. ಕಾರಿನ ಕಿಟಕಿಯಿಂದ ಅವಳ ಮಡಿಲಿಗಿಟ್ಟ.

"ಕಾಯ್..." ಅಂದ.

ಡ್ರೈವರ್ ಹಾರನ್ ಒತ್ತಿದ.

"ಕಾಯಿ ಅಂತ ನಂಗೂ ಕಾಣ್ತೈತೆ," ಅಂದಳು ದಾನೇಶ್ವರಿ. ಇನ್ನೊಂದು ಮಾತು ಬರಲಿ ಅಂತ ಅವಳ ಜೀವವೆಲ್ಲ ಕಾದಿತ್ತು. ಬರಲಿಲ್ಲ. ಕಾರು ಹೊರಟಿತು.

ಚಿಕ್ಕನಾಯಕನಹಳ್ಳಿ ದಾಟಿದ ಮೇಲೆ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಳು. ಲೊಳಲೊಳ!

ತುಂಬಿದ ಕೊಡ ತುಳುಕಲ್ಲ ಅಂತಾರೆ... 'ಹಂಗಾದ್ರೆ ನನ್ನನ್ನ ತುಳುಕೋ ಕೊಡ ಅಂದನಾ? ಕಾಯಿ ಕೊಟ್ಟು ಬೈದನಾ!'

ದಾರಿಯುದ್ದಕ್ಕೂ ಅತ್ತಳು. ಆದರೂ ಎಸೆಯಲಿಲ್ಲ. ಎರಡು ಸಲ ಕಿಟಕಿ ಇಳಿಸಿ ಎರಡು ಸಲ ಏರಿಸಿದಳು.

ಬೆಂಗಳೂರಿನಲ್ಲಿ ಅವಳ ಮುಖ ಎಷ್ಟು ದೊಡ್ಡ ಬೋರ್ಡುಗಳ ಮೇಲೆ ಬಂತೆಂದರೆ, ಒಂದರ ಮೂಗಿನ ನೆರಳಲ್ಲೇ ಆಟೋ ಸ್ಟ್ಯಾಂಡ್ ಆಯಿತು. ದುಡ್ಡೂ ಬಂತು, ಫಾಲೋವರ್ಸ್ ನಲವತ್ತು ಲಕ್ಷವಾದರು. ಒಂದು ವಾರ ಜ್ವರವೂ ಬಂತು. ನಲವತ್ತು ಲಕ್ಷ ಜನವೂ ಫೋನಿಗೆ ಅಳುವ ಬೊಂಬೆ ಕಳಿಸಿದರು. ಗಂಜಿ ಒಬ್ಬರೂ ಕಳಿಸಲಿಲ್ಲ.

ಹನ್ನೊಂದನೇ ತಿಂಗಳು. ಕಾರ್ಯಕ್ರಮದ ಕೊನೆಯ ಸುತ್ತಿನ ದಿನ ಬೆಳಗ್ಗೆ ಅಡುಗೆಮನೆಯ ಮೇಲಿನ ಹಲಗೆಯಿಂದ ಡಬ್ಬ ತೆಗೆಯಲು ಹೋದಳು. ಏನೋ ಜಾರಿ ದಬ್ಬೆಂದು ಬಿತ್ತು.

ಗಡಗಡ!

ಭುವನ್ ಕೊಟ್ಟ ಕಾಯಿ! ದಾನೇಶ್ವರಿ ಅದನ್ನೆತ್ತಿ ಕಿವಿಗೆ ಹಿಡಿದು ಇನ್ನೊಮ್ಮೆ ಅಲ್ಲಾಡಿಸಿದಳು.

ಯಾರೂ ಗೆರೆ ಎಳೆದಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ಆ ಸದ್ದು ಅವಳ ಕಿವಿಗೇ ಕೇಳಿಸಿತ್ತು! ಜೀವನದಲ್ಲಿ ಮೊದಲ ಸಲ!

'ಬೈಯೋನು ಹನ್ನೊಂದು ತಿಂಗಳು ಹಿಡಿಯೋ ಕಾಯಿ ಕೊಡ್ತಾನಾ? ಅವತ್ತು... ಅವನು ಏನೋ ಹೇಳೋಕೆ ಬಂದಿದ್ದ!'

ಸಂಜೆ ಸ್ಟುಡಿಯೋದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಲು ಬಂದರು. ಅವಳು ಆ ಬಟ್ಟೆಯನ್ನು ಕ್ಯಾಮೆರಾದ ಮುಂದೆ ಹಿಡಿದಳು.

"ಇದ್ರಲ್ಲಿ ಎಲ್ಲಾ ಕಾಣುತ್ತೆ. ಬಳಪದ ಗೆರೆ ನೋಡ್ಕೊಂಡು ಇಷ್ಟು ದಿನ ಹೇಳ್ತಿದ್ದೆ. ನಿಮಗೆಲ್ಲ ಮೋಸ ಮಾಡ್ದೆ, ಕ್ಷಮಿಸಿ."

ನಿರೂಪಕನ ಬಾಯಿ ತೆರೆದದ್ದು ಮೂರು ಜಾಹೀರಾತು ಮುಗಿದರೂ ಮುಚ್ಚಲಿಲ್ಲ. ಬೆಳಗಾಗುವಷ್ಟರಲ್ಲಿ ಬೋರ್ಡುಗಳು ಇಳಿದಿದ್ದವು. ಆಟೋದವರಿಗೆ ನೆರಳು ಹೋಯಿತು.

ಮಾರನೇ ದಿನ ಮಧ್ಯಾಹ್ನ, ಕಂಕುಳಲ್ಲಿ ಕಾಯಿ ಇಟ್ಟುಕೊಂಡು ಕೆಂಪು ಬಸ್ಸಿನಿಂದ ಇಳಿದಳು. ಒಬ್ಬರೂ ಸೆಲ್ಫಿ ಕೇಳಲಿಲ್ಲ. ಮನೆಗೆ ಹೋದವಳೇ ಸೀದಾ ಅಟ್ಟ ಹತ್ತಿದಳು.

ಭುವನ್ ಕಾಯಿ ಆರಿಸುತ್ತಿದ್ದ. ಅವಳನ್ನು ಕಂಡು ಕೈಯಲ್ಲಿದ್ದುದನ್ನು ಕಾಲ ಮೇಲೆ ಬಿಟ್ಟುಕೊಂಡ. ನೋವಾಗಿದ್ದು ಅವನಿಗೆ ಸಂಜೆಗೆ ಗೊತ್ತಾಯಿತು.

"ಅವತ್ತು ನನ್ನ ತುಳುಕೋ ಕೊಡ ಅಂದ್ಯಾ?"

"ಅಯ್ಯೋ ಶಿವನೇ! ಯಾರಂದ್ರು ಹಂಗೆ?"

"ಕಾಯಿ ಲೊಳಲೊಳ ಅಂತಿತ್ತು!"

"ಹೊಸಾ ಕಾಯಿ ಕಣೇ! ಲೊಳಲೊಳ ಅನ್ನದೆ ಇನ್ನೇನ್ ಪದ ಹಾಡ್ತದಾ?"

ಕಣೇ ಅಂದುಬಿಟ್ಟಿದ್ದ! ಇಬ್ಬರೂ ಬೆಚ್ಚಿದರು. ಯಾರೂ ಅದನ್ನು ತಿದ್ದಲಿಲ್ಲ.

ಅವಳು ಹತ್ತಿರ ಬಂದಳು. ಅವನ ಕಿವಿಯ ಪಕ್ಕ ಕಾಯಿ ಹಿಡಿದು ಅಲ್ಲಾಡಿಸಿದಳು. ಗಡಗಡ... ಅವನ ಕಣ್ಣು ತುಂಬಿತು.

"ಎಲ್ಲಾ ಕಳ್ಕೊಂಡ್ ಬಂದಿದೀನಿ ಭುವನ್. ಹೆಸ್ರು, ಫ್ಲ್ಯಾಟು, ನಲವತ್ತು ಲಕ್ಷ ಜನ. ಈಗ ನಂಗೆ ಇದೊಂದು ಸದ್ದು ಮಾತ್ರ ಕೇಳ್ತೈತೆ."

"ಸಾಕಲ್ವಾ?"

"ನಿನ್ನ ಮಾತು ಅರ್ಧಕ್ಕೆ ನಿಂತೈತಲ್ಲ. ಕಾರಿನ ಹತ್ರ 'ಕಾಯ್' ಅಂದೆ. ಮುಂದೆ?"

ಭುವನ್ ತಲೆ ತಗ್ಗಿಸಿದ. ಹನ್ನೊಂದು ತಿಂಗಳು ಗಂಟಲಲ್ಲೇ ಒಣಗಿದ್ದ ಉಳಿದರ್ಧ ಆಗ ಹೊರಬಂತು.

"...ತೀನಿ."

ಕಾಯ್ತೀನಿ!

ಕೈಯಲ್ಲಿದ್ದುದು ಕಾಯಿಯಾದ್ದರಿಂದ ಅವಳು ಕಾಯಿ ಅಂತಲೇ ತಿಳಿದಿದ್ದಳು, ತೆಂಗಿನ ಸೀಮೆಯವಳಲ್ಲವೇ! ದಾನೇಶ್ವರಿ ನಗುತ್ತ ಅತ್ತಳು, ಅಳುತ್ತ ನಕ್ಕಳು, ಅವನ ಎದೆಗೆ ಹಣೆಯಿಟ್ಟಳು.

"ದಡ್ಡ! ಎರಡಕ್ಷರ ಕಣೋ. ನುಂಗ್‌ಬುಟ್ಯಲ್ಲ!"

"ಇನ್ಮೇಲೆ ನುಂಗಲ್ಲ ಕಣೇ."

ಕೆಳಗಿನಿಂದ ಮರುಳಪ್ಪನವರು ಕೂಗಿದರು. "ಲೇ, ಅಟ್ಟದ ಮೇಲೆ ಏನ್ಲಾ ಸದ್ದು?"

"ಕೊಬ್ಬರಿ ಆಗೈತೆ ಅಪ್ಪಯ್ಯ!" ಅಂದಳು ಮಗಳು.

ಟೀ ಲೋಟ ಕೆಳಗಿಟ್ಟು ನಾನು ಲಕ್ಕಯ್ಯನ ಕಡೆ ತಿರುಗಿದೆ. ಫೋನು ಬೆಂಚಿನ ಮೇಲೆ ಬೋರಲಾಗಿ ಬಿದ್ದಿತ್ತು. ಅವನು ಎದ್ದು ಚಪ್ಪಲಿ ಹುಡುಕುತ್ತಿದ್ದ.

"ಇರ್ಲಾ ಲಕ್ಕ, ಇನ್ನೂ ಐತೆ. ಆ ಕಾಯಿ ಏನಾಯ್ತು ಗೊತ್ತಾ? ಮದ್ವೇಲಿ ಆ ಕೊಬ್ಬರಿ ಗಿಟುಕನ್ನ ಅವಳ ಕೈಗೆ..."

"ನಿಂಗಿ ಕಾಯ್ತಾವ್ಳೆ ಕಣಣ್ಣ," ಅಂದವನೇ ನಡೆದ.

"ಲೇ! ಫೋನ್ ಬುಟ್ಟೋಗ್ತಿದೀಯ ಕಣ್ಲಾ! ಅಯ್ಯೋ ಕೇಳಿಲ್ಲಿ, ಆ ಗಿಟುಕನ್ನ ಒಡೆದಾಗ ಒಳಗೆ ಏನಿತ್ತು ಅಂದ್ರೆ, ನನ್ನ ಕಣ್ಣಾರೆ ಕಂಡೆ, ಒಳಗೆ ಇಷ್ಟಗಲದ್ದೊಂದು..."