ಮಿಲ್ಲಿನ ಸದ್ದಿನಲ್ಲಿ ಕೂತವನು

ತಮಿಳುನಾಡಿನ ಕಂಬಂ ಊರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ತಮಿಳರಸಿಯ ಹಿಟ್ಟಿನ ಮಿಲ್ಲಿಗಿಂತ ಹೆಚ್ಚು ಸದ್ದು ಮಾಡುವ ಜಾಗ ಇನ್ನೊಂದಿರಲಿಲ್ಲ. ಅಂಥ ಕಡೆ ಒಬ್ಬ ಗಂಡಸು ಬೆಂಚಿನ ಮೇಲೆ ಕಣ್ಣು ಮುಚ್ಚಿ, ಮರದ ನೆರಳಿನಲ್ಲಿ ಕೂತವನಷ್ಟು ಹಾಯಾಗಿ ಕೂತಿದ್ದನ್ನು ಕಂಡಾಗ ಅವಳಿಗೆ ಮೊದಲು ಹುಟ್ಟಿದ್ದು ಅನುಮಾನ.

ಮೊದಲ ದಿನ ರಾಗಿ ತಂದಿದ್ದ. ಬೀಸಿದ್ದಾಯಿತು, ಚೀಲ ಕಟ್ಟಿಕೊಟ್ಟದ್ದಾಯಿತು, ಅವನು ಮಾತ್ರ ಏಳಲಿಲ್ಲ. ಮರುದಿನ ಒಂದಿಷ್ಟು ಕೊತ್ತಂಬರಿ ಬೀಜ ತಂದ. ಆಮೇಲೆ ಬರಿಗೈಯಲ್ಲೇ ಬರತೊಡಗಿದ.

ಪಕ್ಕದ ಮೊಬೈಲ್ ಅಂಗಡಿಯವನು ಮಿಲ್ಲಿನ ಸದ್ದಿನ ಮೇಲೆ ಕಂಪ್ಲೇಂಟ್ ಕೊಡುತ್ತೇನೆಂದು ಈಚೆಗಷ್ಟೇ ಹೆದರಿಸಿ ಹೋಗಿದ್ದ. ಇವನು ಸದ್ದು ಅಳೆಯಲು ಬಂದ ಆಫೀಸರೇ ಇರಬೇಕು ಎಂದುಕೊಂಡ ತಮಿಳರಸಿ ಟೀ ತರಿಸಿಕೊಟ್ಟಳು. ಅವನು ಟೀ ಕುಡಿದ, ನಕ್ಕ, ಮತ್ತೆ ಕಣ್ಣು ಮುಚ್ಚಿದ.

ಒಣಮೆಣಸಿನಕಾಯಿ ಬೀಸುವಾಗ ಎಲ್ಲರೂ ಕೆಮ್ಮುತ್ತಾ ಬೀದಿಗೆ ಓಡುವುದು ವಾಡಿಕೆ. ಅವನೂ ಕೆಮ್ಮಿದ, ಕಣ್ಣೊರೆಸಿಕೊಂಡ, ಆದರೆ ಜಾಗ ಬಿಡಲಿಲ್ಲ. ಅಷ್ಟೇ ಅಲ್ಲ, ಅವನ ತುಟಿಗಳು ಅಲ್ಲಾಡುತ್ತಿದ್ದವು. ಯಾರ ಜೊತೆ ಮಾತಾಡುತ್ತಿದ್ದಾನೆ? ಜರಡಿ ಎತ್ತಿಡುವ ನೆಪದಲ್ಲಿ ಅವಳು ಹತ್ತಿರ ಹೋದಳು. ತುಟಿಗಳು ತಟ್ಟನೆ ನಿಂತವು, ಕಣ್ಣುಗಳು ತೆರೆದವು. ಅವನ ರೆಪ್ಪೆಗಳ ಮೇಲೆ ತೆಳ್ಳಗೆ ಹಿಟ್ಟು ಕೂತಿತ್ತು. ಅದನ್ನು ಒರೆಸಬೇಕೆಂದು ತನ್ನ ಕೈಗೆ ಯಾಕೆ ಅನ್ನಿಸಿತು ಎಂದು ಅವಳು ಅವತ್ತು ಸಂಜೆಯವರೆಗೂ ಯೋಚಿಸಿದಳು.

ಕೊನೆಗೆ ಮೆಷಿನ್ ನಿಂತ ಹೊತ್ತಿನಲ್ಲಿ, ಅಣ್ಣಾ ನೀವು ಯಾವ ಆಫೀಸು ಎಂದು ತಮಿಳಿನಲ್ಲಿ ಕೇಳಿಯೇಬಿಟ್ಟಳು. ಅವನು ಉತ್ತರ ಕೊಟ್ಟಿದ್ದು ಇಬ್ಬರಿಗೂ ಮನೆಮಾತಾದ ಕನ್ನಡದಲ್ಲಿ. ದಿನವೂ ಮಿಲ್ಲಿಗೆ ಬಂದು ಕೂರುವ ಮುದುಕಿ ಕಮಲಮ್ಮಾಳ್ ಅವ್ವನ ಜೊತೆ ಅವಳು ಹಾಗೆ ಮಾತಾಡುವುದನ್ನು ಮೊದಲ ದಿನವೇ ಕೇಳಿಸಿಕೊಂಡಿದ್ದನಂತೆ.

ಹೆಸರು ಜೀವಾ. ಹತ್ತಿರದ ಮಾರ್ಕಯನ್‌ಕೋಟ್ಟೈಯವನು. ಅಣ್ಣ ಧನಪಾಲನ ದ್ರಾಕ್ಷಿ ವ್ಯಾಪಾರದಲ್ಲಿ ಲಾರಿ ಹೊಂದಿಸುವುದು, ತೋಟದವರಿಗೂ ಕೇರಳದ ಮಂಡಿಯವರಿಗೂ ಉತ್ತರ ಹೇಳುವುದು ಇವನ ಕೆಲಸ. ಸ್ನಾನಕ್ಕೆ ಹೋದರೂ ಫೋನು, ತಟ್ಟೆಯ ಮುಂದೆ ಕೂತರೂ ಫೋನು.

"ಇಲ್ಲಿ ಕುಂತ್ರೆ ಫೋನು ಹೊಡೆದ್ರೂ ಕೇಳಾಕಿಲ್ಲ," ಎಂದ. "ಅಣ್ಣ ಬೈತಾನೆ. ಮಿಲ್ನಾಗಿದ್ದೆ ಅಂತೀನಿ. ಸುಳ್ಳಲ್ಲವಲ್ಲ."

ತಮಿಳರಸಿ ಮುಖ ತಿರುಗಿಸಿ ನಕ್ಕಳು. ಊರೆಲ್ಲ ಸದ್ದೆಂದು ಬೈಯುವ ತನ್ನ ಮಿಲ್ಲು ಒಬ್ಬನಿಗೆ ಆಸರೆಯಾಗಿತ್ತು. ಅವಳನ್ನು ನೋಡಲು ಬಂದ ಗಂಡಿನ ಕಡೆಯವರೆಲ್ಲ, ಮದುವೆಯಾದ ಮೇಲೆ ಈ ಸದ್ದು ಗಲಾಟೆ ಯಾಕೆ, ಮುಚ್ಚಿಬಿಡಬಹುದಲ್ಲ ಎಂದೇ ಕೇಳಿದ್ದರು. ಅವಳು ಅವರನ್ನೆಲ್ಲ ಬೇಡವೆಂದಿದ್ದಳು.

ಆಮೇಲಿನ ದಿನಗಳಲ್ಲಿ ಅವಳ ಬಾಯಿಂದ 'ಅಣ್ಣಾ' ಮೆಲ್ಲಗೆ ಉದುರಿಹೋಯಿತು. ಅದರ ಜಾಗಕ್ಕೆ ಬೇರೆ ಯಾವ ಮಾತೂ ಬರಲಿಲ್ಲ. ಜೀವಾ ಅದನ್ನು ಗಮನಿಸಿದ. ಒಮ್ಮೆ ಮಾತ್ರ, "ಈಗ ನಾನು ಯಾರೂ ಅಲ್ವಾ?" ಎಂದು ಕೇಳಿದ. ಅವಳು ಕೇಳಿಸದವಳಂತೆ ಗೋಧಿ ಸುರಿದಳು. ಆದರೆ ಕಿವಿಯ ತುದಿ ಕೆಂಪಾಗಿದ್ದನ್ನು ಅವನು ನೋಡಿದ.

ತುಟಿಗಳು ಮಾತ್ರ ಹಾಗೆಯೇ ಅಲ್ಲಾಡುತ್ತಿದ್ದವು. ಏನು ಹೇಳುತ್ತಾನೆ? ದೇವರ ಹೆಸರೋ, ಲಾರಿ ನಂಬರೋ? ಅವಳು ಕೇಳಲಿಲ್ಲ. ಕೇಳಿದರೆ ನಿಲ್ಲಿಸಿಬಿಟ್ಟಾನು ಎಂಬ ಭಯ ಯಾಕೋ ಇತ್ತು.

ಒಂದು ಮಧ್ಯಾಹ್ನ, ಜನ ಸಾಲಾಗಿ ನಿಂತಿದ್ದಾಗ, ಕರೆಂಟು ಹೋಯಿತು. ಬೆಲ್ಟು ನಿಂತಿತು. ಎಲ್ಲ ಸದ್ದೂ ಒಮ್ಮೆಲೇ ಅಡಗಿದ ಆ ಗಳಿಗೆಯಲ್ಲಿ, ಕಣ್ಣು ಮುಚ್ಚಿದ್ದ ಜೀವಾನ ಗಟ್ಟಿ ದನಿಯೊಂದು ಮಾತ್ರ ಉಳಿಯಿತು.

"ನಿನ್ನ ಹತ್ರ ಕುಂತ್ರೆ ನಂಗೆ ನಿಮ್ಮದಿ ಆಯ್ತದೆ, ತಮಿಳು. ಇದನ್ನ ನಿಂಗೆ ಯೆಂಗೆ ಹೇಳ್ಲಿ."

ಸಾಲಿನಲ್ಲಿದ್ದವರೆಲ್ಲ ತಮಿಳರು. ಕರೆಂಟಿಗೆ ಶಾಪ ಹಾಕುತ್ತಾ ನಿಂತಿದ್ದರು. ರಾಗಿ ಡಬ್ಬದ ಪಕ್ಕ ಕೂತಿದ್ದ ಕಮಲಮ್ಮಾಳ್ ಮಾತ್ರ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು.

"ಹೇಳಿ ಆಯ್ತಲ್ಲಪ್ಪಾ," ಎಂದರು ಸಮಾಧಾನವಾಗಿ.

ತಮಿಳರಸಿಗೆ ಮೈಯೆಲ್ಲ ಬಿಸಿಯಾಯಿತು. ಹಿಂದೆಯೇ, ಅವಳಿಗೇ ಅಚ್ಚರಿಯಾಗುವಂತೆ, ಸಿಟ್ಟು ಬಂತು. ಹಿಂಬಾಗಿಲ ಹತ್ತಿರ ಅವನನ್ನು ಕರೆದು ನಿಲ್ಲಿಸಿದಳು. ಇಷ್ಟು ದಿನದ 'ನೀವು' ಆ ಸಿಟ್ಟಿನಲ್ಲಿ ಎಲ್ಲಿಗೋ ಹೋಗಿತ್ತು.

"ನಿಂಗೆ ನಿಮ್ಮದಿ ಆಯ್ತದೆ. ಸರಿ. ನಂಗೆ?" ಎಂದಳು. "ನೀ ಅರ್ಧ ಗಂಟೆ ಕುಂತು ಎದ್ದು ಓತೀಯ. ಮನೇಗ್ ಓದ್ರೂ ನನ್ ಕಿವೀಲಿ ಈ ಮಿಲ್ಲೇ ಓಡ್ತಾ ಇರ್ತದೆ. ನಾ ಎಲ್ಲಿ ಕುಂತ್ಕೊಳ್ಲಿ?"

ಜೀವಾ ಅದನ್ನು ಒಂದು ದಿನವೂ ಯೋಚಿಸಿರಲಿಲ್ಲ. ಅಷ್ಟರಲ್ಲಿ ಕರೆಂಟು ಬಂತು, ಮೆಷಿನ್ ಹೊರಳಿತು. ಅವನು ತಲೆ ತಗ್ಗಿಸಿ ಹೊರಟುಹೋದ.

ಮರುದಿನ ಬರಲಿಲ್ಲ. ಆ ವಾರವೂ ಬರಲಿಲ್ಲ. ಬೆಂಚಿನ ಮೇಲೆ ಜನ ಚೀಲ ಇಡತೊಡಗಿದರು. ತಾನು ಆಡಿದ್ದು ಸರಿಯೇ ಎಂದು ತಮಿಳರಸಿಗೆ ಗೊತ್ತಿತ್ತು. ಸರಿಯಾದ ಮಾತಾಡಿಯೂ ಯಾರಾದರೂ ಇಷ್ಟು ಸಂಕಟಪಡುತ್ತಾರೆಯೇ ಎಂಬುದೊಂದು ತಿಳಿಯಲಿಲ್ಲ.

ಕೊನೆಗೆ ಜೀವಾ ಬಂದ ದಿನ ಅವನ ಅಂಗೈಯಲ್ಲಿ ಬೊಕ್ಕೆಗಳಿದ್ದವು. ಚಿನ್ನಮನೂರಿನ ಪರಿಚಯದವರ ಮಿಲ್ಲಿನಲ್ಲಿ ಇಷ್ಟು ದಿನ ಕೆಲಸ ಕಲಿತನಂತೆ. ಅಣ್ಣ ಬೈದನಂತೆ. ಆದರೂ ವಾರಕ್ಕೊಂದು ಮಧ್ಯಾಹ್ನ ತನ್ನ ಫೋನು ಅಣ್ಣನೇ ಇಟ್ಟುಕೊಳ್ಳಬೇಕೆಂದು ಜೀವಾ ಅವನನ್ನು ಒಪ್ಪಿಸಿದ್ದನಂತೆ.

"ನೀ ಕೇಳಿದ್ದಕ್ಕೆ ನಂಗೆ ಉತ್ತರ ಗೊತ್ತಿಲ್ಲ," ಎಂದ. "ಈ ಮಧ್ಯಾನ ಮಿಲ್ಲು ನಾ ನೋಡ್ಕೋತೀನಿ. ನಮ್ ತೋಟದಾಗೆ ಇವತ್ತು ಯಾರೂ ಇಲ್ಲ. ಓಗಿ ಸುಮ್ನೆ ಕುಂತು ನೋಡು."

ಅವಳಿಗೆ ನಂಬಿಕೆಗಿಂತ ಕುತೂಹಲವೇ ಹೆಚ್ಚಿತ್ತು. ಮೌನ ಎಂದರೆ ಹೇಗಿರುತ್ತದೆ? ಕಮಲಮ್ಮಾಳ್ ಅವರನ್ನು ಕಾವಲಿಗೆ ಕೂರಿಸಿ ಹೊರಟಳು.

ಮಾರ್ಕಯನ್‌ಕೋಟ್ಟೈಯ ತೋಟದಲ್ಲಿ ಪನ್ನೀರ್ ಎಂಬ ಕಪ್ಪು ದ್ರಾಕ್ಷಿಯ ಚಪ್ಪರ ತಲೆಗೆ ತಾಗುವಷ್ಟು ಕೆಳಗಿತ್ತು. ಅದರಡಿ ಕಾಲು ಚಾಚಿ ಕೂತಳು. ಮೊದಮೊದಲು ಕಿವಿಯಲ್ಲಿ ಮಿಲ್ಲೇ ಓಡುತ್ತಿತ್ತು. ಮೆಣಸಿನ ಮೆಷಿನ್ನಿಗೆ ಅಕ್ಕಿ ಸುರಿದನೋ ಏನೋ, ಬೆಲ್ಟು ಜಾರಿತೋ ಏನೋ. ಒಂದೊಂದು ಚಿಂತೆಯೂ ಬಂತು, ಉತ್ತರ ಸಿಗದೆ ಕೂತಿತು, ಬೇಸತ್ತು ಹೋಯಿತು. ಯಾವಾಗಲೋ ಕಾಲುವೆಯ ನೀರು ಕೇಳಿಸಿತು. ಎಲೆಗಳ ಸಂದಿಯ ಬಿಸಿಲು ಮಡಿಲಿಗೆ ಬಿದ್ದು ಅಲುಗಾಡಿತು.

ಕಿವಿಯ ಸದ್ದು ಅಡಗಿದ ಮೇಲೆ ಒಳಗೆ ಏನು ಉಳಿದಿದೆ ಎಂದು ಅವಳು ಇಣುಕಿ ನೋಡಿದಳು. ಮಿಲ್ಲಿನ ಮೇಲಿನ ಪ್ರೀತಿ ಹಾಗೇ ಇತ್ತು. ಅದರ ಪಕ್ಕದಲ್ಲಿ, ಯಾರೂ ಬಲವಂತ ಮಾಡದೆ, ಅವನೂ ಇದ್ದ.

ಎಚ್ಚರವಾದಾಗ ಬಿಸಿಲು ಇಳಿದಿತ್ತು.

ಕಂಬಂಗೆ ಮರಳಿದಾಗ ಜೀವಾ ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿದ್ದ. ಹಿಟ್ಟು ತರಿತರಿಯಾಗಿದೆ ಎಂದು ಹೆಂಗಸೊಬ್ಬಳು ಬೈಯುತ್ತಿದ್ದಳು, ಕಮಲಮ್ಮಾಳ್ ಕೂತಲ್ಲಿಂದಲೇ ಆರ್ಡರ್ ಹಾಕುತ್ತಿದ್ದರು. ತಮಿಳರಸಿ ನೇರವಾಗಿ ಹೋಗಿ ಸ್ವಿಚ್ ಆಫ್ ಮಾಡಿದಳು.

ಅಲ್ಲಿ ಏನು ಕೇಳಿಸಿತು ಎಂದು ಅವನು ಮೆಲ್ಲಗೆ ಕೇಳಿದ.

"ನಿದ್ದೆ ಬಂತು," ಎಂದಳು.

ಅವನ ನಗುವಿಗೆ ಹುಬ್ಬಿನ ಹಿಟ್ಟು ಉದುರಿತು. ಈ ಸಲ ಅವಳ ಕೈ ನಾಚಲಿಲ್ಲ. ಸೆರಗಿನ ತುದಿಯಿಂದ ಅವನ ರೆಪ್ಪೆ ಒರೆಸಿತು.

"ನಾಳೆ ಮನೇಗ್ ಬಾ. ಅಪ್ಪನ್ನ ಕೇಳು. ಆದ್ರೆ ಮಿಲ್ಲು ನಾ ಬಿಡಾಕಿಲ್ಲ."

"ಬಿಡು ಅಂದೋರ್ ಯಾರು," ಎಂದ ಜೀವಾ.

ಮರುದಿನ ಅವಳ ಅಪ್ಪ ಮಾರಿಮುತ್ತು, ಮುಂದೆ ಕೂತ ಹುಡುಗನ ಅಂಗೈಯ ಬೊಕ್ಕೆಗಳನ್ನು ನೋಡಿದರು. ಆಸ್ತಿ, ವ್ಯಾಪಾರ ಯಾವುದನ್ನೂ ವಿಚಾರಿಸಲಿಲ್ಲ. ಸವೆದ ಬೀಸುಕಲ್ಲಿಗೆ ಉಳಿ ಹಿಡಿದು ಹಲ್ಲು ಕೆತ್ತಲು ಬರುತ್ತದೆಯೇ ಎಂದು ಮಾತ್ರ ಕೇಳಿದರು.

ಜೀವಾ ಬಾಗಿಲ ಕಡೆ ನೋಡಿದ. ತಮಿಳರಸಿ ಅಲ್ಲೇ ಒರಗಿ, ಇವನು ಏನು ಹೇಳುತ್ತಾನೋ ಎಂದು ಕಣ್ಣರಳಿಸಿ ಕಾಯುತ್ತಿದ್ದಳು.

"ಬರಾಕಿಲ್ಲ, ಮಾಮಾ. ಅವಳು ಕಲಿಸ್ತಾಳೆ."

ಮಾರಿಮುತ್ತು ತಲೆಯಾಡಿಸಿದರು. ಆಮೇಲೆ ಒಳಗೆ ತಿರುಗಿ, ಅಳಿಯನಿಗೆ ಕಾಫಿ ತರಲು ಹೇಳಿದರು.