ಕುದುರೆ ಬಾಲದ ಕೂದಲು

"ನೀನಾ?!"

ಬೊರಿವಲಿಯ ತನ್ನ ಚರ್ಮರೋಗದ ಕ್ಲಿನಿಕ್ಕಿನ ಬಾಗಿಲಲ್ಲಿ ಗುರುಪಾದನನ್ನು ಕಂಡು ಡಾಕ್ಟರ್ ಶೀತಲ ಕುರ್ಚಿಯಿಂದ ಎದ್ದೇ ನಿಂತಳು.

ಹೋದ ವಾರವಷ್ಟೇ ಅವನ ಅವ್ವ ಲಕ್ಷ್ಮವ್ವ ಸಂಬಂಧ ಕೇಳಿಕೊಂಡು ಬಂದಿದ್ದಳು. ಶೀತಲ "ಒಲ್ಲೆ" ಅಂದುಬಿಟ್ಟಿದ್ದಳು. ಹಾಗಂದಾಗಿನಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ಆ ಮಾತು ಬೇರೆ!

"ಬಲಗೈ ಹೆಬ್ಬೆರಳು ತೋರಸಾಕ ಬಂದೆ... ಕತ್ತರಿ ಹಿಡದು ಹಿಡದು ಆಣಿ ಆಗೈತಿ." ಕಾಂದಿವಲಿಯಲ್ಲಿ ಟೈಲರಿಂಗ್ ಅಂಗಡಿ ಅವನದು.

"ಅದಕ್ಕ ನನ್ನ ಹತ್ರನ ಬರಬೇಕಿತ್ತೇನು? ಕೂಡು."

ಕೈಗವಸು ತೊಟ್ಟು, ದೀಪವಿರುವ ಭೂತಗನ್ನಡಿಯನ್ನು ಅವನ ಬೆರಳ ಮೇಲಿಟ್ಟಳು. ಆಣಿಯಾದರೆ ಬೆರಳಿನ ಗೆರೆಗಳು ಅದರ ಮೇಲೂ ಸಲೀಸಾಗಿ ಹಾಯ್ದುಹೋಗಬೇಕು. ಇಲ್ಲಿ ಗೆರೆಗಳು ಗಂಟಿನ ಅಂಚಿಗೇ ನಿಂತಿದ್ದವು. ನಡುವೆ ರಕ್ತ ಹೆಪ್ಪುಗಟ್ಟಿದ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು.

"ಆಣಿ ಅಂತ ಯಾರು ಹೇಳಿದ್ರು? ಇದು ಆಣಿ ಅಲ್ಲ, ನರೂಲಿ. ವೈರಸ್ಸಿಂದ ಬರೂದು. ಮೊದಲು ಎಂದರ ಆಗಿತ್ತೇನು?"

ಅವನು ಕೈ ಹಿಂದಕ್ಕೆ ಎಳೆದುಕೊಳ್ಳಹೋದ.

ನರೂಲಿ! ಆ ಒಂದು ಹೆಸರು ಅವಳನ್ನು ಇಬ್ಬರೂ ಚಿಕ್ಕಂದಿನಲ್ಲಿ ಆಡಿ ಬೆಳೆದ ಸಾಂತಾಕ್ರೂಜ್‌ನ ಚಾಳಿಗೆ ಎಳೆದೊಯ್ದಿತು. ಅವಳ ಬೆರಳ ತುಂಬ ನರೂಲಿ ಎದ್ದಾಗ ಒಬ್ಬ ಗೆಳತಿಯೂ ಕೈ ಹಿಡಿದು ಗಿರಗಿರ ತಿರುಗುವ ಫುಗಡಿ ಆಡಿರಲಿಲ್ಲ. ಇವನೊಬ್ಬ ಮಾತ್ರ ಜುಹೂ ಬೀಚಿಗೆ ಓಡಿ, ಕುದುರೆಯವನಿಂದ ಬೈಸಿಕೊಂಡು, ಬಾಲದ ಕೂದಲು ಕಿತ್ತು ತಂದು ಒಂದೊಂದಕ್ಕೂ ಕಟ್ಟಿದ್ದ. ಬಿಗಿದು ಕಟ್ಟಿದರೆ ನರೂಲಿ ಉದುರುತ್ತದೆಂಬ ಊರಿನ ಮದ್ದು ಅದು.

ಆದರೆ... ಅವಳ ಮನೆಯವರು ಚಾಳು ಬಿಟ್ಟ ದಿನ, ಸ್ಟೇಷನ್ನಿನಲ್ಲಿ ಅವಳು ಕೈ ಚಾಚಿದರೆ ಅವನು ತನ್ನ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟಿದ್ದ! 'ಇವನಿಗೂ ನನ್ನ ಕೈ ಕಂಡರೆ ಅಸಹ್ಯ...' ಆ ನೋವೇ ಹೋದ ವಾರ "ಒಲ್ಲೆ" ಅನ್ನಿಸಿತ್ತು.

"ನಿನಗ ಕಟ್ಟಿದ ಮ್ಯಾಲ ನನಗೂ ಎದ್ದಿದ್ವು ಶೀತಲ," ಅವನ ದನಿ ಇಳಿಯಿತು. "ನೋಡಿದ್ರ, ನನ್ನಿಂದನ ಹತ್ತಿದ್ವು ಅಂತ ನೀ ಅಳ್ತಿದ್ದಿ. ಅದಕ್ಕ ಅವತ್ತು ಕೈ ಮುಚ್ಚಿಟ್ಟೆ. ಆಮ್ಯಾಲ ಉದುರಿ ಹೋದ್ವು. ಈಗ ಮತ್ತ ಒಂದು ಎದ್ದೈತಿ..."

ದೇವರೇ! ಇಷ್ಟು ವರ್ಷ ತಾನು ಸಿಟ್ಟು ಮಾಡಿಕೊಂಡಿದ್ದು ಇದಕ್ಕಾ? ಕಣ್ಣು ತುಂಬಿ ಗಾಜಿನಾಚೆ ಏನೂ ಕಾಣದಾಯಿತು.

"ಇವತ್ತೂ ಆಣಿ ಅಂತ ಅಂದೆಲ್ಲೋ, ಹುಚ್ಚಪ್ಪ!"

"ಯಾಕ ಒಲ್ಲೆ ಅಂದಿ ಅಂತ ಕೇಳಾಕ ಬಂದಿದ್ದೆ. ಬ್ಯಾರೆ ನೆವ ಸಿಗಲಿಲ್ಲ."

ಶೀತಲ ಕೈಗವಸು ಕಳಚಿಟ್ಟಳು. "ಎಡಗೈ ಕೊಡು."

ಕೊಟ್ಟ. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

"ಅವ್ವಗ ಏನಂತ ಹೇಳ್ಲಿ?"

"ಶೀತಲ ಹೂಂ ಅಂದ್ಲು ಅಂತ ಹೇಳು."

"ಮತ್ತ ಬಲಗೈ?"

"ನರೂಲಿ ಹೋದ ದಿನ ಅದನ್ನೂ ಹಿಡೀತೀನಿ."

"ಔಷಧಕ್ಕ ಹೋಗಲಿಲ್ಲಂದ್ರ?"

"ಜುಹೂಕ್ಕ ಹೋಗೋಣು... ಈ ಸಲ ಕೂದಲಾ ನಾ ಕೀಳ್ತೀನಿ!"