ಕರ್ನಲ್‌ಗೆ ಇಟ್ಟ ಹೆಸರು

“ಮೇಡಂ, ಮಿಷನ್ ನಿಲ್ತಾ ಇಲ್ಲ!”

ಫೋನಿನಲ್ಲಿ ಪ್ರಸನ್ನ ಕುಮಾರನ ದನಿ ಕೇಳಿದ್ದೇ ತಡ, ಶ್ರೀಲತಾ ಕುರ್ಚಿಯಿಂದ ಎದ್ದು ನಿಂತಳು. ಆ ದನಿ ಕೇಳಿದರೆ ಎದೆ ಢವಗುಟ್ಟುವುದು ಅವಳಿಗೆ ಈಚೆಗೆ ಅಭ್ಯಾಸವಾಗಿಹೋಗಿತ್ತು. ಇವತ್ತಿನ ಢವಢವ ಬೇರೆ.

ಅವಳಿದ್ದದ್ದು ಮಧುಗಿರಿಯಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಎರಡು ಕೋಣೆಯ ಆಫೀಸಿನಲ್ಲಿ. ಅವನಿದ್ದದ್ದು ಪಾವಗಡದ ಆಚೆ, ಕ್ಯಾತಗಾನಚೆರ್ಲುವಿನ ಬಯಲಿನಲ್ಲಿ, ಸೋಲಾರ್ ಪ್ಯಾನಲ್‌ಗಳ ಸಾಲಿನ ಪಕ್ಕ. ಪ್ಯಾನಲ್‌ಗಳ ಮೇಲೆ ಓಡಾಡಿ ಧೂಳು ಒರೆಸುವ ಮಿಷನ್‌ಗೆ ಅವರ ಪುಟ್ಟ ಕಂಪನಿ ಲಿನಕ್ಸ್ ಕಂಪ್ಯೂಟರ್ ಕೂರಿಸಿತ್ತು. ಆ ಕಂಪ್ಯೂಟರನ್ನು ನಡೆಸುವ ಕರ್ನಲ್ ಎಂಬ ಪ್ರೋಗ್ರಾಮನ್ನು ಬೇಕಾದ ಹಾಗೆ ಕಟ್ಟುವುದು ಶ್ರೀಲತಾಳ ಕೆಲಸ. ಕಟ್ಟಿದ್ದನ್ನು ಬಿಸಿಲಲ್ಲಿ ನಿಂತು ಪರೀಕ್ಷಿಸುವುದು ಪ್ರಸನ್ನನ ಕೆಲಸ.

ಶನಿವಾರ ಅವನು ಆಫೀಸಿಗೆ ಬರುತ್ತಿದ್ದ. ಅವಳ ಹಿಂದೆ ನಿಂತು ಸ್ಕ್ರೀನ್ ನೋಡುವ ನೆಪದಲ್ಲಿ, ಸ್ಕ್ರೀನಿನ ಗಾಜಿನಲ್ಲಿ ಕಾಣುವ ಅವಳ ಮುಖ ನೋಡುತ್ತಿದ್ದ. ಅವಳಿಗೂ ಗೊತ್ತಿತ್ತು, ಏಕೆಂದರೆ ಅವಳೂ ಅದೇ ಗಾಜಿನಲ್ಲಿ ಅವನನ್ನೇ ನೋಡುತ್ತಿದ್ದಳು. ಕಣ್ಣು ಕಣ್ಣು ಕೂಡಿದರೆ ಇಬ್ಬರೂ ಒಟ್ಟಿಗೆ ಕೆಮ್ಮುತ್ತಿದ್ದರು. ಬಾಯಿ ಬಿಟ್ಟು ಮಾತ್ರ ಒಬ್ಬರೂ ಏನೂ ಹೇಳಿರಲಿಲ್ಲ.

ಕಟ್ಟಿದ ಕರ್ನಲ್‌ನ ನಂಬರಿನ ಕೊನೆಗೆ ನಮಗೆ ಇಷ್ಟ ಬಂದ ಹೆಸರು ಅಂಟಿಸಬಹುದು. ಒಂದು ಮಧ್ಯಾಹ್ನ ಹುಡುಗಿ ಸುಮ್ಮನಿರಲಾರದೆ ‘ಪ್ರಸನ್ನ’ ಎಂದು ಅಂಟಿಸಿದಳು. ಯಾರು ಓದುತ್ತಾರೆ ಅದನ್ನೆಲ್ಲ?

ಆದರೆ ಮೊನ್ನೆ ಬಡವನಹಳ್ಳಿಯ ತನ್ನ ಮನೆಯಲ್ಲಿ, ಅಣ್ಣನನ್ನು ಹೆಸರು ಹಿಡಿದು ಕರೆದ ಅತ್ತಿಗೆಗೆ ಅಜ್ಜಿ ಕಾಟಮ್ಮ ಗದರಿದ್ದರು. “ಗಂಡನ ಹೆಸ್ರು ಹಿಡ್ದು ಕರೀಬಾರ್ದು ಕಣಮ್ಮ, ಆಯಸ್ಸು ಸವೀತದೆ!” ಶ್ರೀಲತಾ ಎಲ್ಲರ ಎದುರಿಗೆ ನಕ್ಕಳು. ಆಮೇಲೆ ಆಫೀಸಿಗೆ ಬಂದವಳೇ ಆ ಹೆಸರನ್ನು ಅಳಿಸಿ, ಎಲ್ಲವನ್ನೂ ಮತ್ತೆ ಕಟ್ಟಿ ಗಡಿಬಿಡಿಯಲ್ಲಿ ಕ್ಯಾತಗಾನಚೆರ್ಲುವಿಗೆ ಕಳಿಸಿದಳು. ಇಂಜಿನಿಯರಿಂಗ್ ಓದಿದವಳ ಧೈರ್ಯ ಅಷ್ಟೇ. ಅವನಿನ್ನೂ ಗಂಡನಲ್ಲ, ಆಗುತ್ತಾನೋ ಇಲ್ಲವೋ ಗೊತ್ತಿಲ್ಲ, ಆದರೂ ಅವನ ಆಯಸ್ಸಿನ ಮೇಲೆ ಪಣ ಕಟ್ಟಲು ಅವಳಿಗೆ ಮನಸ್ಸು ಬರಲಿಲ್ಲ.

“ಸರಿಯಾಗಿ ಹೇಳಿ, ಏನಾಯ್ತು?”

“ಟೈಮರ್ ಹೊಡೀತು, ಮೋಟಾರ್ ಹೊಂಟ್ತು. ನಿಲ್ಸೋ ಬಟನ್ ಒತ್ತಿದ್ರೂ ಕೇಳ್ತಾ ಇಲ್ಲ. ಸಾಲಿನ ಕೊನೆ ಕಡೆ ಹೋಗ್ತಾ ಐತೆ.”

 ಮೋಟಾರು ತಾನಾಗಿ ಹೊರಡುತ್ತದೆ; ಬಟನ್ ಒತ್ತಿದಾಗಲೋ ಅಂಚು ಬಂದಾಗಲೋ ಅದನ್ನು ನಿಲ್ಲಿಸುವುದು ಮಾತ್ರ ಕಂಪ್ಯೂಟರಿನ ಕೆಲಸ. ಅದಕ್ಕೆಂದೇ ಡ್ರೈವರ್ ಎಂಬ ಚಿಕ್ಕ ಪ್ರೋಗ್ರಾಮನ್ನು ಬರೆದವಳು ಶ್ರೀಲತಾಳೇ. ಇನ್ನು ಸಾಲಿನ ಕೊನೆಯ ನೆರಳಲ್ಲಿ ಹುಲ್ಲು ಕೊಯ್ಯುವ ಹೆಂಗಸರು ಊಟಕ್ಕೆ ಕೂರುತ್ತಾರೆ.

“ಗಂಗಲಕ್ಷ್ಮಕ್ಕ ಅವ್ರೆಲ್ಲ ಅಲ್ಲೇ ಇದಾರಾ?”

“ಅಕ್ಕಾ, ಲೇಯಂಡಿ, ಎದ್ದೇಳಿ! ಬುತ್ತಿ ಬುಟ್ಟು ಆ ಕಡೆ ಓಡಿ!” ಅವನು ಕೂಗಿದ್ದು, ಹೆಂಗಸರು ಗಾಬರಿಯಿಂದ ಕಿರುಚಿಕೊಂಡು ಎದ್ದದ್ದು ಎಲ್ಲಾ ಫೋನಿನಲ್ಲಿ ಕೇಳಿಸಿತು. “ಅವ್ರು ಹೋದ್ರು ಮೇಡಂ. ಈಗ ಮಿಷನ್ ಜೊತೆ ಸೇರ್ಸಿರೋ ಲ್ಯಾಪ್‌ಟಾಪ್ ನೋಡ್ತಾ ಇದೀನಿ. ಡ್ರೈವರ್ ಲೋಡ್ ಆಗಿಲ್ಲ ಅಂತೈತೆ. ಕೆಳಗೆ ಯಾಕೆ ಅಂತ ಒಂದು ಲೈನ್ ಐತೆ, ಓದ್ಲಾ?”

“ಬೇಡ! ಓದ್ಬೇಡಿ!”

ಅವಳಿಗೆ ಅನುಮಾನ ಬಂದಿತ್ತು. ಡ್ರೈವರೇ ಕೆಟ್ಟಿದೆಯೋ, ಅಲ್ಲಿ ಹಳೆಯ ಕರ್ನಲ್ಲೇ ಇನ್ನೂ ಓಡುತ್ತಿದೆಯೋ, ಆ ಲೈನೇ ಹೇಳಬೇಕು. ಆದರೆ ಹಳೆಯದೇ ಆಗಿದ್ದರೆ ಆ ಲೈನಿನಲ್ಲಿ ಅವನ ಹೆಸರೂ ಇರುತ್ತದೆ. ನಾಚಿಕೆ ಎಂಥ ಹೊತ್ತಿನಲ್ಲೂ ಬಂದು ಅಡ್ಡ ನಿಲ್ಲುತ್ತದೆ ನೋಡಿ.

“ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿ,” ಎಂದಳು. ಅದರಿಂದ ಏನೂ ಆಗದೆಂದು ಅವಳಿಗೇ ಗೊತ್ತಿತ್ತು.

“ಅಷ್ಟು ಟೈಮಿಲ್ಲ. ಬುಡಿ, ನಾನೇ ಮೇಲೆ ಹತ್ತಿ ಬ್ಯಾಟರಿ ಕಿತ್ತಾಕ್ತೀನಿ.”

“ಹತ್ಬೇಡಿ! ಕರೆಂಟೈತೆ ಅದ್ರಲ್ಲಿ!”

“ಮಿಷನ್ ಬಿದ್ರೆ ನಿಮ್ ತಲೆ ಮೇಲೆ ಬರ್ತದೆ ಮೇಡಂ. ಕೆಲ್ಸದಿಂದ ತೆಗೀತಾರೆ.”

ಫೋನಿನಲ್ಲಿ ಅವನ ಬೂಟು ಕಬ್ಬಿಣಕ್ಕೆ ತಾಗಿದ ಸದ್ದು ಬಂತು. ನಡುಹಗಲ ಬಿಸಿಲಿಗೆ ಪ್ಯಾನಲ್ ತುಂಬ ಕರೆಂಟು; ಗಾಜೊಂದು ಒಡೆದು ಕೈ ಒಳಗಿನ ವೈರಿಗೆ ತಗುಲಿದರೆ ಮನುಷ್ಯ ಉಳಿಯುವುದಿಲ್ಲ.  ಇನ್ನೆಲ್ಲಿಯ ನಾಚಿಕೆ?

“ಇಳೀರಿ! ಆ ಲೈನ್ ಓದಿ. ಈಗ್ಲೇ ಓದಿ, ನಿಮ್ ದಮ್ಮಯ್ಯ!”

ಅವನು ಕಾಲು ಕೆಳಗಿಟ್ಟು ಓದತೊಡಗಿದ. ಡ್ರೈವರ್ ಯಾವ ಕರ್ನಲ್‌ಗೆ ಕಟ್ಟಿದ್ದು ಎಂಬ ನಂಬರು ಮೊದಲು. ಮಿಷನ್‌ನಲ್ಲಿ ಓಡುತ್ತಿರುವ ಕರ್ನಲ್‌ನ ನಂಬರು ಆಮೇಲೆ. ಅದರ ಬಾಲಕ್ಕೆ ಬಂದು ಅವನ ಮಾತು ನಿಂತಿತು.

“ಮೇಡಂ… ಇಲ್ಲಿ ನನ್ ಹೆಸ್ರೈತೆ.”

“ಐತೆ. ನಾನೇ ಇಟ್ಟಿದ್ದು. ಆಮೇಲೆ ಬೈಯಿರಂತೆ, ಈಗ ಕೆಳಗಿರಿ ಸಾಕು.”

ತಪ್ಪು ಎಲ್ಲಿ ಆಯಿತೆಂದು ಅವಳಿಗೆ ಹೊಳೆಯಿತು. ಗಡಿಬಿಡಿಯಲ್ಲಿ ಅವಳು ಕಳಿಸಿದ್ದು ಹೊಸ ಡ್ರೈವರ್ ಮಾತ್ರ. ಹೆಸರಿಲ್ಲದ ಹೊಸ ಕರ್ನಲ್ ಇಲ್ಲೇ ಉಳಿದಿತ್ತು. ಅಲ್ಲಿನ ಹಳೆಯ ಕರ್ನಲ್ ತನ್ನ ಹೆಸರು ಹೊತ್ತು ಬಾರದ ಡ್ರೈವರನ್ನು ಒಳಗೆ ಸೇರಿಸಿಕೊಂಡಿರಲಿಲ್ಲ. ಅವನ ಆಯಸ್ಸು ಉಳಿಸಲೆಂದು ಹೆಸರು ಅಳಿಸಿ, ಅವಳೇ ಅವನನ್ನು ಸಾವಿನ ಹತ್ತಿರ ನಿಲ್ಲಿಸಿದ್ದಳು.

ಆ ಹೆಸರನ್ನು ಮತ್ತೆ ಟೈಪ್ ಮಾಡಿದಳು. ಒಂದಕ್ಷರ ತಪ್ಪಿತು, ಅಳಿಸಿ ಬರೆದಳು. ಡ್ರೈವರ್ ಚಿಕ್ಕದು, ಬೇಗ ಸಿದ್ಧವಾಯಿತು. ಅವನ ಮೊಬೈಲಿಗೆ ಕಳಿಸಿದಳು.

“ಬಂತಾ?”

“ಬಂತು. ಹಾಕ್ತಾ ಇದೀನಿ. ಅಂಚಿಗೆ ಹೋಗ್ಬುಟ್ತು ಮೇಡಂ, ಅಂಚಿಗೆ…”

ಆಮೇಲೆ ಏನೂ ಕೇಳಿಸಲಿಲ್ಲ. ಶ್ರೀಲತಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಅಜ್ಜಿಯ ಮುಂದೆ, ದೇವರ ಮುಂದೆ, ಯಾರ ಮುಂದೆಯೂ ಹೇಳದಿದ್ದ ಹೆಸರನ್ನು ಖಾಲಿ ಆಫೀಸಿನಲ್ಲಿ ನಿಂತು ಕೂಗಿದಳು.

“ಪ್ರಸನ್ನಾ!”

“ಇದೀನಿ.” ಅವನು ಏದುಸಿರು ಬಿಡುತ್ತಿದ್ದ. “ನಿಂತ್ಕಂತು. ಅರ್ಧ ಹೊರಗೆ ನೇತಾಡ್ತಾ ನಿಂತೈತೆ.”

ಅವಳು ನೆಲದ ಮೇಲೆಯೇ ಕುಸಿದು ಕೂತು ಅತ್ತಳು. ಅವನು ಫೋನ್ ಇಡದೆ ಕೇಳುತ್ತಾ ನಿಂತಿದ್ದ.

ಸಂಜೆ ಪಾವಗಡದ ಬಸ್ಸಿನಿಂದ ಅವನು ಇಳಿದು ಬಂದ. ಶರ್ಟಿನ ತುಂಬ ಧೂಳು, ಬಲಗೈಗೆ ಕರವಸ್ತ್ರದ ಕಟ್ಟು. ಮಧ್ಯಾಹ್ನಕ್ಕಿಂತ ಜಾಸ್ತಿ ಭಯ ಅವಳಿಗೆ ಈಗ ಆಯಿತು.

“ಹತ್ಬೇಡಿ ಅಂದಿದ್ದೆ!”

“ಹತ್ಲಿಲ್ಲ. ಒಂದು ಕಾಲಿಟ್ಟು ಪ್ಯಾನಲ್ ಕಂಬಿ ಹಿಡ್ಕಂಡಿದ್ದೆ ಅಷ್ಟೇ. ಕಾದಿತ್ತು.” ಅವನು ಬಾಗಿಲಲ್ಲೇ ನಿಂತಿದ್ದ. “ನಿಮ್ಮನೇಲಿ ಯಾರ ಹತ್ರ ಮಾತಾಡ್ಬೇಕು?”

“ಮೊದ್ಲು ನನ್ ಹತ್ರ ಮಾತಾಡಿ.”

“ಭಯ ಆಯ್ತದೆ ಮೇಡಂ. ಇಲ್ಲ ಅಂದ್ಬುಟ್ರೆ?”

 ತನ್ನೊಬ್ಬಳದೇ ಎಂದುಕೊಂಡಿದ್ದ ಹೆದರಿಕೆ ಅವನಲ್ಲೂ ಅಷ್ಟೇ ಇತ್ತು. ಅವಳು ಹೋಗಿ ಆ ಕರವಸ್ತ್ರದ ಗಂಟು ಬಿಚ್ಚಿ, ಬೊಬ್ಬೆ ಎದ್ದ ಅಂಗೈಯನ್ನು ತನ್ನ ಕೈಯೊಳಗೆ ಮೆಲ್ಲಗೆ ಇಟ್ಟುಕೊಂಡಳು.

“ನೀವು ಬೇಕು ನಂಗೆ,” ಎಂದಳು. “ಭಾನುವಾರ ಬಡವನಹಳ್ಳಿಗೆ ಬನ್ನಿ.”

ಪ್ರಸನ್ನ ಹತ್ತಿರದ ಕುರ್ಚಿ ಎಳೆದು ಕೂತುಬಿಟ್ಟ. ಅವಳು ಕೈ ಬಿಡಲಿಲ್ಲ.